‘ಪ್ರದೇಶಗಳಿಂದ’ ಎಂದರೆ ಎಷ್ಟು ಪ್ರದೇಶ?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ವಿಶ್ವಸಂಸ್ಥೆ ಭದ್ರತಾ ಮಂಡಳಿಯ 242ನೇ ನಿರ್ಣಯ ಇಸ್ರೇಲಿನ ರಾಜತಂತ್ರಜ್ಞ ಅಬ್ಬಾ ಎಬಾನ್ ಅವರಿಗೆ ಅನುಕೂಲವಾಗಿ ಬಂತು ಎಂದು ಬರೆದಿದ್ದೀರಿ. ನೀವೇ ಕೊಟ್ಟ ಅನುವಾದದಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವರು ಬರೀ ಮಾತುಗಾರರೇ?”

ಸಂಪಾದಕರ ಉತ್ತರ: ತಪ್ಪು ನಿಮ್ಮ ಓದಿನದಲ್ಲ, ನಮ್ಮ ಅನುವಾದದ್ದು. 1967ರ ನವೆಂಬರ್ 22ರ ಆ ನಿರ್ಣಯವನ್ನು ನಾವು “ಇತ್ತೀಚಿನ ಸಂಘರ್ಷದಲ್ಲಿ ಆಕ್ರಮಿಸಿಕೊಂಡ ಪ್ರದೇಶಗಳಿಂದ” ಇಸ್ರೇಲಿ ಸೇನೆ ಹಿಂದೆ ಸರಿಯಬೇಕು ಎಂದು ಕನ್ನಡಕ್ಕೆ ತಂದಿದ್ದೆವು. ಸಂಘರ್ಷ ಎಂದರೆ ಅದೇ ವರ್ಷದ ಜೂನ್ ಯುದ್ಧ. ಜಗಳ ಇರುವುದೇ ಆ ‘ಪ್ರದೇಶಗಳಿಂದ’ ಎಂಬಲ್ಲಿ. ಇಂಗ್ಲಿಷ್ ಪಠ್ಯದಲ್ಲಿ ‘ಟೆರಿಟರೀಸ್’ಗೆ ಮುಂಚೆ ‘ದಿ’ ಇಲ್ಲ. ಇದ್ದಿದ್ದರೆ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗೋಲಾನ್ ಅಷ್ಟೂ ಎಂದಾಗುತ್ತಿತ್ತು. ಇಲ್ಲದ್ದರಿಂದ ‘ಕೆಲವು’ ಎಂದೂ ವಾದಿಸಬಹುದು; ಎಬಾನ್ ಅವರಿಗೆ ಅನುಕೂಲವಾದದ್ದು ಅದೇ. ಫ್ರೆಂಚ್ ಪಠ್ಯದ ‘ದೆ ತೆರಿತ್ವಾರ್’ ಅನ್ನು ಅಷ್ಟೂ ಎಂದೇ ಓದಬಹುದು. ಕನ್ನಡದಲ್ಲಿ ಆ ಉಪಪದವೇ ಇಲ್ಲ. ‘ಎಲ್ಲ’ ಎಂದರೆ ಒಂದು ಪಕ್ಷ, ‘ಕೆಲವು’ ಎಂದರೆ ಇನ್ನೊಂದು ಪಕ್ಷ. ಅಲ್ಲಿ ಅಡಿಟಿಪ್ಪಣಿ ಹಾಕಬೇಕಿತ್ತು, ಹಾಕಲಿಲ್ಲ.

ಕರಡು ಎಬಾನ್ ಅವರದಲ್ಲ, ಬ್ರಿಟನ್ನಿನ ಲಾರ್ಡ್ ಕ್ಯಾರಡನ್ ಅವರದು. ಅದಕ್ಕೆ 15 ಮತಗಳೂ ಬಿದ್ದವು. ಆಗ ಮಂಡಳಿಯ ಸದಸ್ಯನಾಗಿದ್ದ ಭಾರತ, ಮಾಲಿ ಮತ್ತು ನೈಜೀರಿಯಾ ಜತೆ ಸೇರಿ ಬೇರೆಯದೇ ಕರಡು ತಂದಿತ್ತು. ಮತ ಹಾಕುವಾಗಲೂ ನಮ್ಮ ಪ್ರತಿನಿಧಿ ಜಿ. ಪಾರ್ಥಸಾರಥಿ, ಇದರರ್ಥ ಎಲ್ಲ ಪ್ರದೇಶಗಳಿಂದ ಪೂರ್ತಿ ಹಿಂದೆ ಸರಿಯುವುದೇ ಎಂದು ದಾಖಲಿಸಿದರು. ಇಸ್ರೇಲಿನ ವಿದೇಶಾಂಗ ಸಚಿವ ಎಬಾನ್ ಎದ್ದು, ನಿರ್ಣಯದಲ್ಲಿ ಏನಿದೆಯೋ ಅಷ್ಟೇ, ಬೇಕೆಂದೇ ಬಿಟ್ಟದ್ದನ್ನು ಅದರೊಳಗೆ ಓದಬೇಡಿ ಎಂಬ ಅರ್ಥದಲ್ಲಿ ಮಾತಾಡಿದರು. ಬಾರದ ಪದವನ್ನು ಬಾರದಂತೆಯೇ ಕಾಯುವುದೂ ರಾಜತಂತ್ರಜ್ಞನ ಕೆಲಸ. ಆದರೆ ಅದೇ ನಿರ್ಣಯದ ಪೀಠಿಕೆ, ಯುದ್ಧದಿಂದ ನೆಲ ಗಳಿಸುವುದು ಒಪ್ಪತಕ್ಕದ್ದಲ್ಲ ಎನ್ನುತ್ತದೆ. ಆದ್ದರಿಂದ ಎಬಾನ್ ಗೆದ್ದರು ಎನ್ನುವುದಕ್ಕಿಂತ, ವಾದಕ್ಕೆ ಜಾಗ ಉಳಿಸಿಕೊಂಡರು ಎನ್ನುವುದೇ ಸರಿ.

ಬರೀ ಮಾತುಗಾರರೇ? 1915ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಎಬಾನ್, ಕೇಂಬ್ರಿಜ್‌ನಲ್ಲಿ ಹೀಬ್ರೂ, ಅರಬ್ಬಿ, ಫಾರಸಿ ಓದಿದವರು. ವಿಶ್ವಸಂಸ್ಥೆಗೆ ಸೇರಲು ಇಸ್ರೇಲ್ ಹಾಕಿದ ಮೊದಲ ಅರ್ಜಿ 1948ರ ಡಿಸೆಂಬರಿನಲ್ಲಿ ಬಿದ್ದುಹೋಯಿತು: ಭದ್ರತಾ ಮಂಡಳಿಯಲ್ಲಿ ಬೇಕಿದ್ದದ್ದು 7 ಮತ, ಸಿಕ್ಕಿದ್ದು 5. ಮುಂದಿನ ಮಾರ್ಚಿನಲ್ಲಿ ಮಂಡಳಿ ಒಪ್ಪಿತು. ಮೇ 11ರಂದು ಮಹಾಸಭೆಯಲ್ಲಿ 37 ಪರ, 12 ವಿರುದ್ಧ. ವಿರುದ್ಧ ಮತ ಹಾಕಿದವರಲ್ಲಿ ಭಾರತವೂ ಇತ್ತು. ಆ ತಿಂಗಳುಗಳಲ್ಲಿ ನಿರಾಶ್ರಿತರ ಬಗ್ಗೆ, ಜೆರುಸಲೇಮ್ ಬಗ್ಗೆ ಬಂದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವರು ಎಬಾನ್. 1950ರಿಂದ 1959ರವರೆಗೆ ನ್ಯೂಯಾರ್ಕಿನಲ್ಲಿ ಪ್ರತಿನಿಧಿ, ವಾಷಿಂಗ್ಟನ್ನಿನಲ್ಲಿ ರಾಯಭಾರಿ, ಎರಡೂ ಹುದ್ದೆ ಅವರದೇ.

ಎಡವಟ್ಟಾದದ್ದು ಸ್ವದೇಶದಲ್ಲಿ. 1955ರ ಡಿಸೆಂಬರಿನಲ್ಲಿ ಕಿನ್ನೆರೆತ್ ಸರೋವರದ ಬಳಿ ಸಿರಿಯಾದ ನೆಲೆಗಳ ಮೇಲೆ ಇಸ್ರೇಲ್ ದಾಳಿ ಮಾಡಿದಾಗ, ಎಬಾನ್ ಹೊರಗೆ ಅದನ್ನು ಸಮರ್ಥಿಸಿದರು, ಒಳಗೆ ಪ್ರಧಾನಿ ಬೆನ್‌ಗುರಿಯನ್ ಅವರಿಗೆ ಕಟುವಾಗಿ ಆಕ್ಷೇಪಿಸಿ ಬರೆದರು. ದಾಳಿ ತಪ್ಪೆಂದು ನನಗೂ ಅನಿಸಿತ್ತು, ನಿಮ್ಮ ಭಾಷಣ ಓದಿದ ಮೇಲೆ ಸರಿಯೆನಿಸಿತು ಎಂಬರ್ಥದ ಉತ್ತರ ಬಂತು ಎಂದು ಎಬಾನ್ ಅವರೇ ಹೇಳಿಕೊಂಡಿದ್ದಾರೆ. ಚೆನ್ನಾಗಿ ಸಮರ್ಥಿಸುವವನ ಆಕ್ಷೇಪಕ್ಕೆ ಬೆಲೆ ಸಿಗದೆ ಹೋಗುವುದು ಹೀಗೆ. 1966ರಲ್ಲಿ ವಿದೇಶಾಂಗ ಸಚಿವರಾದರೂ, 1974ರಲ್ಲಿ ಪ್ರಧಾನಿಯಾದ ರಾಬಿನ್ ತಮ್ಮ ಸಂಪುಟದಲ್ಲಿ ಆ ಖಾತೆಯನ್ನು ಅವರಿಗೆ ಕೊಡಲಿಲ್ಲ. 1988ರವರೆಗೆ ಸಂಸತ್ತಿನಲ್ಲಿದ್ದರು. 2002ರಲ್ಲಿ ತೀರಿಕೊಂಡರು.

242ರ ಅನುವಾದವನ್ನು ಅಡಿಟಿಪ್ಪಣಿಯೊಂದಿಗೆ ಮುಂದಿನ ಸಂಚಿಕೆಯಲ್ಲಿ ಮತ್ತೆ ಅಚ್ಚು ಮಾಡುತ್ತೇವೆ.