ಕಟ್ಟದ ಕಲ್ಲು

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕುಟುಂಬಗಳ ಆಪ್ತಸಮಾಲೋಚನೆ ನನ್ನ ಕೆಲಸ. ಕಾಸರಗೋಡಿನಲ್ಲಿ ಕುಳಿತು, ಬೈಬಲ್ ಮತ್ತು ವಿಜ್ಞಾನದ ಹೆಸರಲ್ಲಿ ಮನೆಯೊಳಗೆ ನಡೆಯುವ ಇಂಥ ಜಗಳ ಕೇಳುತ್ತಿರುವುದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಅಡಿಕೆ ಕೃಷಿಕರು. ತೋಟಕ್ಕೆ ನೀರು ನಿಲ್ಲಿಸಲು ತೋಡಿಗೆ ಅಡ್ಡಲಾಗಿ ಕಟ್ಟ, ಅಂದರೆ ಕಲ್ಲು-ಮಣ್ಣಿನ ತಾತ್ಕಾಲಿಕ ಒಡ್ಡು, ಹಾಕುವವರು. ಪ್ರೊಟೆಸ್ಟೆಂಟ್ ಮನೆತನ. ಮಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಮನೆಯಲ್ಲಿ ವಿಕಾಸವಾದದ ಮಾತೆದ್ದ ದಿನದಿಂದ ರಾತ್ರಿಯ ಕುಟುಂಬ ಪ್ರಾರ್ಥನೆಗೆ ಬರುತ್ತಿಲ್ಲ. ಊಟವೂ ಬೇರೆ ಹೊತ್ತಿಗೆ.

ಎರಡನೇ ಭೇಟಿಗೆ ಅಪ್ಪ ಕನ್ನಡ ಬೈಬಲ್ ತಂದಿದ್ದರು. ಮೇಜಿನ ಮೇಲಿಟ್ಟು, "ಹೆಸರೇ ಸತ್ಯವೇದ. ದೇವರು ಲೋಕ ಸೃಷ್ಟಿಸಿದ್ದು ಆರು ದಿನ ಅಂದರೆ ಆರು ದಿನ. ಕಟ್ಟದ ಒಂದು ಕಲ್ಲು ಜಾರಿದರೆ ನೀರೆಲ್ಲ ಹೋಯಿತು" ಎಂದರು.

"ನಾನೂ ಅದನ್ನೇ ಹೇಳುವುದು. ಕಲ್ಲು ಜಾರಿದೆ" ಎಂದ ಮಗ.

ನನಗೆ ನಗು ಬಂತು. ಬರಬಾರದಿತ್ತು. "ಹಾಗಾದರೆ ನಿಮ್ಮಿಬ್ಬರಿಗೆ ಜಗಳವೇ ಇಲ್ವಲ್ಲ" ಎಂದೆ. ಆರು ದಿನದ ಕಥೆ ಅಕ್ಷರಶಃ ನಡೆಯದಿದ್ದರೆ ಯೇಸು ಸಾವಿನಿಂದ ಎದ್ದದ್ದೂ ಸುಳ್ಳು ಎಂದು ಇಬ್ಬರೂ ನಂಬಿದ್ದರು.

ಬೈಬಲಿನ ಮೊದಲ ಭಾಗವಾದ ಆದಿಕಾಂಡದ ಮೊದಲ ಎರಡು ಅಧ್ಯಾಯ ಓದಿಸಿದೆ. ಒಂದರಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ. ಇನ್ನೊಂದರಲ್ಲಿ ಮನುಷ್ಯ ಮೊದಲು, ಆಮೇಲೆ ಪ್ರಾಣಿಗಳು. ಅಪ್ಪನ ಬಳಿ ಉತ್ತರವಿತ್ತು: ಎರಡನೆಯದು ಮೊದಲನೆಯದರ ವಿವರ, ಕ್ರಮ ಹೇಳುವುದಲ್ಲ.

"ಅಲ್ಲಿ ನೀವೂ ಅಕ್ಷರ ಬಿಟ್ಟು ಅರ್ಥ ಹಿಡಿದಿರಿ ಅಲ್ವಾ?"

ಅವರು ಉತ್ತರ ಕೊಡಲಿಲ್ಲ. ಮಗನೇ ಮೆಲ್ಲಗೆ ಕೇಳಿದ: "ಅಪ್ಪ, ಮಳೆಗಾಲಕ್ಕೆ ಕಟ್ಟವನ್ನು ನೀವೇ ಬಿಚ್ಚುತ್ತೀರಲ್ಲ?"

"ಬಿಚ್ಚದಿದ್ದರೆ ನೀರು ತೋಟಕ್ಕೇ ನುಗ್ಗುತ್ತದೆ ಮಾರಾಯ" ಎಂದರು. ಅಂದು ಮಗನ ಮುಖ ನೋಡಿ ಆಡಿದ ಮೊದಲ ಮಾತು ಅದು.

ದೇವರ ವಿಷಯಕ್ಕೆ ನೀನ್ಯಾಕೆ ಕೈ ಹಾಕಿದೆ ಎಂದು ಸಹೋದ್ಯೋಗಿಯೊಬ್ಬರು ಬೈದರು. ಯಾರು ಸರಿ ಎಂದು ನಾನು ತೀರ್ಪು ಕೊಟ್ಟಿಲ್ಲ. ಕ್ರೈಸ್ತರೊಳಗೇ ಒಂದೇ ಓದು ಇಲ್ಲ ಎಂದು ತೋರಿಸಿದೆ, ಅಷ್ಟೇ. ಸೃಷ್ಟಿಯ ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದು ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ 1600 ವರ್ಷಗಳ ಹಿಂದೆಯೇ ಬರೆದಿದ್ದಾನೆ. ಬರಹ ಯಾವ ಬಗೆಯದು ಎಂದು ನೋಡಿ ಓದಬೇಕು ಎಂದು ಕೆಥೋಲಿಕ್ ಸಭೆ 1965ರಲ್ಲಿ ಹೇಳಿತು. 1978ರಲ್ಲಿ ಶಿಕಾಗೋದಲ್ಲಿ ಸೇರಿದ ಇವಾಂಜೆಲಿಕಲ್ (ಬೈಬಲಿನ ಮಾತೇ ಅಂತಿಮ ಎನ್ನುವ ಪ್ರೊಟೆಸ್ಟೆಂಟ್ ಪಂಥ) ಮುಖಂಡರು, ಬೈಬಲಿನಲ್ಲಿ ತಪ್ಪೇ ಇಲ್ಲ, ಸೃಷ್ಟಿಯ ವಿಷಯದಲ್ಲೂ ಇಲ್ಲ ಎಂದರು. ಆದರೆ ದುಂಡು ಸಂಖ್ಯೆ, ಅತಿಶಯೋಕ್ತಿ ಬಂದರೆ ತಪ್ಪೆನ್ನಬಾರದು ಎಂದು ಅವರೇ ಸೇರಿಸಿದರು. ಇಷ್ಟು ತಿಳಿಯದೆ ಹುಡುಗ ಮನೆ ಬಿಟ್ಟಿದ್ದರೆ? ಸುಮ್ನೆ ತಲೆಯಾಡಿಸುತ್ತಾ ಕೂರಲು ನನಗಾಗುವುದಿಲ್ಲ.

ಸಲಹೆ ಸಣ್ಣದು. ಮೂರು ತಿಂಗಳು ಭೂಮಿಯ ವಯಸ್ಸಿನ ಮಾತು ಮನೆಯಲ್ಲಿ ಬೇಡ. ಮಗ ಪ್ರಾರ್ಥನೆಗೆ ಕೂರಲಿ. ನಂಬದ ಮಾತನ್ನು ಅವನ ಬಾಯಲ್ಲಿ ಹೇಳಿಸಬಾರದು. ಅವನಿಗೆ ತಿಳಿಸದೆ ಪಾಸ್ಟರನ್ನು ಮನೆಗೆ ಕರೆಯಬಾರದು. ಈ ಕೊನೆಯದಕ್ಕೆ ಅಪ್ಪ ಜಾಸ್ತಿ ಸಿಟ್ಟಾದರು. ನಾನು ಬಿಡಲಿಲ್ಲ.

ಈಗ ಅವನು ಕೂರುತ್ತಾನೆ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದಿಲ್ಲ ಎಂದು ಅಪ್ಪ ಮೊನ್ನೆ ಫೋನ್ ಮಾಡಿ ದೂರಿದರು. ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಲು ಹೋಗಲಿಲ್ಲ.