ಕಾರ್ಮಿಕರಲ್ಲಿ ಉತ್ಸಾಹವೇ ಇಲ್ಲ, ಬಹುಮಾನ ಇಡಲೇ, ದಂಡ ಹಾಕಲೇ?

ತಿಂಗಳ ಉತ್ತಮ ಕಾರ್ಮಿಕರ ಫಲಕ ಹಾಕಲೇ, ತಡವಾಗಿ ಬಂದವರಿಗೆ ದಂಡ ವಿಧಿಸಲೇ, ಬೆಂಗಳೂರಿನಿಂದ ಯಾರನ್ನಾದರೂ ಕರೆಸಿ ಸ್ಫೂರ್ತಿಯ ಭಾಷಣ ಮಾಡಿಸಲೇ ಎಂದು ಕೇಳಿದ್ದೀರಿ. ಹಾಸನದ ಪ್ಯಾಕಿಂಗ್ ಘಟಕದಲ್ಲಿ ನಿಮ್ಮ ಕೈಕೆಳಗಿನವರು ಹೇಳಿದಷ್ಟು ಮಾತ್ರ ಮಾಡುತ್ತಾರೆ, ಅವರನ್ನು ನೋಡಿ ನೋಡಿ ನಿಮಗೂ ಬೇಸರ ಬಂದಿದೆ ಎಂಬುದು ನಿಮ್ಮ ಅಳಲು. ಈ ಮೂರರಲ್ಲಿ ಫಲಕವನ್ನು ನಾನೇ ಹಾಕಿ ನೋಡಿದ್ದೇನೆ. ಕೆಲಸ ಕಳೆದುಕೊಂಡದ್ದೂ ಅದರಿಂದಲೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ವಿಭಾಗ ನನ್ನ ಸುಪರ್ದಿಯಲ್ಲಿತ್ತು. ಅದಕ್ಕೂ ಮೊದಲು ತೋಟದಲ್ಲಿ ರೈಟರಾಗಿದ್ದೆ, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವನು, ಹಾಗಾಗಿ ಇಲ್ಲಿಯೂ ಎಲ್ಲರೂ ರೈಟರೇ ಎಂದೇ ಕರೆಯುತ್ತಿದ್ದರು. ತೋಟದಿಂದ ಒಣಗಿ ಬಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರ್ರಿಯ (ಇಡೀ ಹಣ್ಣಾಗಿಯೇ ಒಣಗಿಸಿದ್ದು) ಸಿಪ್ಪೆ ತೆಗೆದು, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಬೇರ್ಪಡಿಸಿ, ಕೊನೆಗೆ ಕಪ್ಪಾದದ್ದು, ಕಂದಿದ್ದು, ಒಡಕಲು, ಕಾಯಿಕೊರಕ ಹುಳು ತೂತು ಮಾಡಿದ್ದು ಇವನ್ನೆಲ್ಲ ಹೆಕ್ಕಿ ತೆಗೆಯಬೇಕು. ಈಗ ಬಣ್ಣ ಗುರುತಿಸುವ ಯಂತ್ರ ಅದನ್ನು ಮಾಡುತ್ತದೆ. ಆಗ ನಮ್ಮಲ್ಲಿ ಹೆಂಗಸರು ಕೂತು ಮಾಡುತ್ತಿದ್ದರು. ದಿನಗೂಲಿ, ಎಲ್ಲರಿಗೂ ಒಂದೇ.

ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ, ಅಂದರೆ ಬೆಳೆಯನ್ನು ಮಂಡಳಿಗೇ ಒಪ್ಪಿಸುವ ಪದ್ಧತಿ, 1996ರ ಹೊತ್ತಿಗೆ ಮುಗಿದು, ಬೆಳೆಗಾರರು ತಮಗೆ ಬೇಕಾದವರಿಗೆ ಬೇಕಾದಾಗ ಮಾರುವ ಸ್ವಾತಂತ್ರ್ಯ ಪಡೆದಿದ್ದರು. ಬೆಲೆ ಏರಿದ ವಾರ ಎಲ್ಲರಿಗೂ ಅವಸರ. ಬೇಗ ಆರಿಸಿ ಕೊಡಿ, ಇಲ್ಲವಾದರೆ ಬೇರೆ ಕಡೆ ಒಯ್ಯುತ್ತೇವೆ ಎನ್ನುವವರಿಗೆ ಮಾಲೀಕರು ಹೂಂ ಎನ್ನುತ್ತಿದ್ದರು, ನಂತರ ನನ್ನ ಕಡೆ ನೋಡುತ್ತಿದ್ದರು. ಅದೇ ಸಮಯಕ್ಕೆ ಊರಿನ ಹೋಟೆಲೊಂದರಲ್ಲಿ ಒಂದು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ಭಾಷಣ ಮಾಡಲು ಬಂದವರು ನಮ್ಮನ್ನೆಲ್ಲ ಎದ್ದು ನಿಲ್ಲಿಸಿ ಎದೆ ತಟ್ಟಿಸಿ "ನನ್ನಿಂದ ಸಾಧ್ಯ" ಎಂದು ಕೂಗಿಸಿದರು. ಊಟಕ್ಕೆ ಹೋಳಿಗೆ ಇತ್ತು. ಆ ಭಾಷಣದಿಂದ ನನಗೆ ನೆನಪಿರುವುದು ಒಂದೇ: ಮನುಷ್ಯನಿಗೆ ಸ್ಪರ್ಧೆ ಕೊಡಿ, ಅವನು ಏಳುತ್ತಾನೆ. ಭಾಷಣಕಾರರ ಬಗ್ಗೆ ನನ್ನ ಅಭಿಪ್ರಾಯ ಇಷ್ಟರಲ್ಲೇ ಮುಗಿಯಿತು. ಆ ಹಣಕ್ಕೆ ನಿಮ್ಮವರು ಕೂರುವ ಜಾಗಕ್ಕೆ ಒಳ್ಳೆಯ ಬೆಳಕು ಹಾಕಿಸಿ.

ಮರುದಿನದಿಂದ ಪ್ರತಿಯೊಬ್ಬರೂ ಆರಿಸಿದ ಬೀಜವನ್ನು ಸಂಜೆ ತೂಕ ಮಾಡಿ ಬರೆದಿಡಲು ಶುರು ಮಾಡಿದೆ. ತಿಂಗಳ ಕೊನೆಗೆ ಮೊದಲಿನಿಂದ ಕೊನೆಯವರೆಗೆ ಎಲ್ಲರ ಹೆಸರಿನ ಪಟ್ಟಿಯನ್ನು ಹಾಜರಿ ಪುಸ್ತಕದ ಪಕ್ಕದ ಗೋಡೆಗೆ ಅಂಟಿಸಿದೆ. ಮೊದಲು ಬಂದವರಿಗೆ ಒಂದು ಸ್ಟೀಲ್ ಡಬರಿ, ಜೊತೆಗೆ ಫೋಟೋ.

ನಮ್ಮಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಎಲ್ಲರಿಗೂ ಅವರು ದೊಡ್ಡಕ್ಕ, ನನಗೂ. ಅವರ ಕೆಲಸ ನೋಡಬೇಕಿತ್ತು. ಹೊಸ ಮೂಟೆ ಬಿಚ್ಚಿದ ಕೂಡಲೇ ಒಂದು ಹಿಡಿ ಬೀಜವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಹಣ್ಣಿನ ತಿರುಳು ತೆಗೆಯುವಾಗ ಹೆಚ್ಚು ಹೊತ್ತು ನೆನೆದು ಹುಳಿತ ಬೀಜ ಸ್ವಲ್ಪ ಸೇರಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. "ರೈಟರೇ, ಇದನ್ನು ಬೇರೆ ಇಡಿ" ಎನ್ನುತ್ತಿದ್ದರು. ಹುಳಿತ ನಾಲ್ಕು ಬೀಜ ಒಳ್ಳೆಯ ಲಾಟ್ ಒಂದರ ರುಚಿಯನ್ನೇ ಕೆಡಿಸಬಲ್ಲವು, ಅದು ಹೊರದೇಶದ ಖರೀದಿದಾರರ ಬಟ್ಟಲಿನಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಮೊರದಲ್ಲಿ ಬೀಜವನ್ನು ಅಂಗೈಯ ಅಂಚಿನಿಂದ ತೆಳ್ಳಗೆ ಹರಡಿ, ಎರಡೇ ಬೆರಳಿನಲ್ಲಿ ಕಪ್ಪು ಬೀಜ ಹೆಕ್ಕಿ ತೊಡೆಯ ಪಕ್ಕದ ಡಬ್ಬಿಗೆ ಹಾಕುತ್ತಿದ್ದರು. ಮಳೆಗೆ ಸಿಕ್ಕ ಚೆರ್ರಿ, ಕೊರಕ ಬಿದ್ದ ರೊಬಸ್ಟಾ, ಯಾರೂ ಮುಟ್ಟಲು ಒಲ್ಲದ ಮೂಟೆಗಳೆಲ್ಲ ಅವರ ಮುಂದೆಯೇ ಇರುತ್ತಿದ್ದವು. ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಹೊಸದಾಗಿ ಬಂದ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಮೊರವನ್ನೂ ಆಗಾಗ ತಮ್ಮ ಕಡೆ ಎಳೆದುಕೊಂಡು ತೋರಿಸುತ್ತಿದ್ದರು.

ಪಟ್ಟಿಯಲ್ಲಿ ಕೊನೆಯ ಹೆಸರು ಅವರದು. ಮೊದಲ ಹೆಸರು ಅವರೇ ಕಲಿಸಿದ ಒಬ್ಬ ಹುಡುಗಿಯದು.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಕೇಳಿದವರೆಲ್ಲ "ಅಯ್ಯೋ, ಆಕೆಗೆ ಒಂದು ವಿಶೇಷ ಬಹುಮಾನ ಕೊಟ್ಟಿದ್ದರೆ ಆಗುತ್ತಿತ್ತು" ಎನ್ನುತ್ತಾರೆ. ಆಗುತ್ತಿರಲಿಲ್ಲ. ತೂಕ ಅಳೆದದ್ದು ಮೊದಲ ತಪ್ಪು, ಸರಿ. ಎ ದರ್ಜೆಯ ಒಳ್ಳೆಯ ಮೂಟೆಯಲ್ಲಿ ಹೆಕ್ಕಲು ಹೆಚ್ಚೇನೂ ಇರುವುದಿಲ್ಲ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಕೆಟ್ಟ ಮೂಟೆ ಸಂಜೆಯಾದರೂ ಮುಗಿಯುವುದಿಲ್ಲ. ಹೀಗಾಗಿ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಒಳ್ಳೆಯ ಮೂಟೆಗೆ ಓಡುವುದು ಶುರುವಾಯಿತು. ಅದನ್ನು ಸರಿಪಡಿಸಲು, ಹೆಕ್ಕಿ ತೆಗೆದ ಕೆಟ್ಟ ಬೀಜದ ತೂಕವನ್ನೂ ಲೆಕ್ಕಕ್ಕೆ ಹಿಡಿದೆ. ಒಂದೇ ವಾರದಲ್ಲಿ ಚೆನ್ನಾಗಿರುವ ಬೀಜಗಳೂ ಕಪ್ಪು ಬೀಜದ ಡಬ್ಬಿಗೆ ಬೀಳತೊಡಗಿದವು. ಅವರನ್ನು ಬೈದು ಪ್ರಯೋಜನವಿರಲಿಲ್ಲ, ನಾನು ಕೇಳಿದ್ದನ್ನೇ ಅವರು ಕೊಡುತ್ತಿದ್ದರು.

ಆದರೆ ಅಳತೆಯನ್ನು ಎಷ್ಟು ಚೆನ್ನಾಗಿ ತಿದ್ದಿದ್ದರೂ ಸಾಲುತ್ತಿರಲಿಲ್ಲ. ಮೂಗಿಗೆ ಹಿಡಿದು "ಇದನ್ನು ಬೇರೆ ಇಡಿ" ಎನ್ನುವುದಕ್ಕೆ ಕಿಲೋ ಲೆಕ್ಕವಿಲ್ಲ. ಪಕ್ಕದವಳ ಮೊರ ಎಳೆದುಕೊಳ್ಳುವುದಕ್ಕೂ ಇಲ್ಲ. ಆ ವಿಭಾಗ ನಡೆಯುತ್ತಿದ್ದದ್ದೇ ಈ ಎರಡರಿಂದ, ಅವುಗಳನ್ನು ಯಾರೂ ಕೂಲಿಗಾಗಿ ಮಾಡುತ್ತಿರಲಿಲ್ಲ. ನಾನು ಗೋಡೆಗೆ ಕಾಗದ ಅಂಟಿಸಿ, ಇವೆರಡೂ ಕೆಲಸವೇ ಅಲ್ಲ ಎಂದು ಎಲ್ಲರ ಎದುರು ಸಾರಿದಂತಾಯಿತು. ಇನ್ನೊಂದು ಮಾತು, ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು: ಪಟ್ಟಿ ಹಾಕುವ ಮುನ್ನ ನಾನು ಅದನ್ನು ಓದಿದ್ದೆ. ಕೊನೆಯಲ್ಲಿ ದೊಡ್ಡಕ್ಕನ ಹೆಸರಿದೆ ಎಂದು ನನಗೆ ಗೊತ್ತಿತ್ತು. ಅದು ಸರಿಯಲ್ಲ ಎಂದೂ ಗೊತ್ತಿತ್ತು. ಲೆಕ್ಕ ಹಾಗೆ ಬಂದಿದೆ, ನಾನೇನು ಮಾಡಲಿ ಎಂದುಕೊಂಡು ಅಂಟು ಹಚ್ಚಿದೆ.

ಅವರು ಏನೂ ಅನ್ನಲಿಲ್ಲ. ಆ ಹುಡುಗಿ ಡಬರಿಯನ್ನು ಮನೆಗೆ ಒಯ್ಯಲೇ ಇಲ್ಲ, ಬಹಳ ದಿನ ಅದು ಕಚೇರಿಯ ಕಪಾಟಿನ ಮೇಲೆಯೇ ಇತ್ತು. ಯುಗಾದಿಗೆಂದು ಹೋದ ದೊಡ್ಡಕ್ಕ ತಿರುಗಿ ಬರಲಿಲ್ಲ. ಅವರೊಂದಿಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಅವರ ಊರಿನವರೂ ಒಬ್ಬೊಬ್ಬರಾಗಿ ನಿಂತರು, ತೋಟದ ಕೆಲಸಕ್ಕೆ ಹೋದರು. ಉಳಿದವರು ನೀವು ಹೇಳುವ ಹಾಗೆಯೇ ಆದರು. ಹೇಳಿದಷ್ಟು ಮಾತ್ರ ಮಾಡುತ್ತಿದ್ದರು. ನಂತರ ಮಂಗಳೂರು ಬಂದರಿಗೆ ಹೋಗಬೇಕಿದ್ದ ಒಂದು ಲಾಟ್‌ನ ಮಾದರಿಯನ್ನು ಖರೀದಿದಾರರು ತಿರಸ್ಕರಿಸಿದರು. ಕಪ್ಪು ಬೀಜ ಮಿತಿ ಮೀರಿತ್ತು, ಹುಳಿತ ರುಚಿಯೂ ಇತ್ತು. ಇಡೀ ಲಾಟನ್ನು ನಮ್ಮ ಖರ್ಚಿನಲ್ಲಿ ಮತ್ತೆ ಆರಿಸಬೇಕಾಯಿತು, ಹಡಗು ತಪ್ಪಿತು. ಮಾಲೀಕರು ನನ್ನನ್ನು ಗೋದಾಮಿಗೆ ಹಾಕಿದರು, ಮುಂದಿನ ಹಂಗಾಮಿಗೆ ಬರಬೇಡ ಎಂದರು.

ಅದಕ್ಕೂ ಮುನ್ನ ಒಮ್ಮೆ ದೊಡ್ಡಕ್ಕನ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು. ಮಗಳು ಪಟ್ಟಿ ಓದಿ ಹೇಳಿದಳು ಎಂದರು. ಬನ್ನಿ ಎಂದು ಕರೆದದ್ದಕ್ಕೆ ಉತ್ತರ ಕೊಡದೆ, "ಆ ಕಾಗದ ಇನ್ನೂ ಅಲ್ಲೇ ಇದೆಯಾ?" ಎಂದು ಕೇಳಿದರು. ಇತ್ತು. ನಾನು ತೆಗೆದಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಅದರ ಬುಡವೇ ನನಗೆ ಒಪ್ಪಿಗೆಯಿಲ್ಲ. ನಿಮ್ಮವರಲ್ಲಿ ಉತ್ಸಾಹ ಇಲ್ಲ, ಅದನ್ನು ತುಂಬಬೇಕು ಎಂದು ಹೊರಟಿದ್ದೀರಿ. ಕೆಲಸಕ್ಕೆ ಸೇರಿದ ಮೊದಲ ದಿನ ಹೀಗಿದ್ದರೇ? ನಾನು ನೋಡಿದ ಮಟ್ಟಿಗೆ ಯಾರೂ ಮೊದಲ ದಿನವೇ ಮುಖ ಗಂಟು ಹಾಕಿಕೊಂಡು ಬರುವುದಿಲ್ಲ. ನಡುವೆ ಏನೋ ಆಗಿದೆ, ಅದು ನಿಮ್ಮ ಕಣ್ಣ ಮುಂದೆಯೇ ಆಗಿದೆ. ಗ್ಯಾಲಪ್ ಎಂಬ ಅಮೆರಿಕದ ಸಮೀಕ್ಷಾ ಸಂಸ್ಥೆ, ಮನಸ್ಸಿಟ್ಟು ಕೆಲಸದಲ್ಲಿ ತೊಡಗಿಕೊಳ್ಳುವುದರಲ್ಲಿ ತಂಡದಿಂದ ತಂಡಕ್ಕೆ ಕಾಣುವ ವ್ಯತ್ಯಾಸದಲ್ಲಿ ಕನಿಷ್ಠ ಶೇ 70ರಷ್ಟು ಮೇಲಿನವರಿಂದಲೇ ಬರುತ್ತದೆ ಎನ್ನುತ್ತದೆ. ಮೇಲಿನವರು ಎಂದರೆ ಮಾಲೀಕರಲ್ಲ, ನಿಮ್ಮಂಥವರು. ಅದೇ ಸಂಸ್ಥೆಯ ಲೆಕ್ಕದಲ್ಲಿ, 2023ರಲ್ಲಿ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದ ಮ್ಯಾನೇಜರುಗಳು ಜಗತ್ತಿನಾದ್ಯಂತ ಶೇ 30 ಇದ್ದರೆ, 2024ರಲ್ಲಿ ಶೇ 27ಕ್ಕೆ ಇಳಿದರು. ನಿಮಗೂ ಬೇಸರ ಬಂದಿದೆ ಎಂದಿರಲ್ಲ, ಅದು ಕೊನೆಯ ಸಾಲಿನಲ್ಲಿ ಸುಮ್ಮನೆ ಹೇಳಿ ಬಿಡುವ ಮಾತಲ್ಲ. ನಿಮ್ಮ ಮುಖವನ್ನು ಅವರು ಬೆಳಗ್ಗೆಯೇ ಓದುತ್ತಾರೆ.

ವಿಲಿಯಂ ಕಾನ್ ಎಂಬ ಸಂಶೋಧಕರು ಬೇಸಿಗೆ ಶಿಬಿರದ ಮಾರ್ಗದರ್ಶಕರನ್ನೂ ಒಂದು ವಾಸ್ತುಶಿಲ್ಪ ಸಂಸ್ಥೆಯ ನೌಕರರನ್ನೂ ಗಮನಿಸಿ 1990ರಲ್ಲಿ ಒಂದು ಪ್ರಬಂಧ ಬರೆದರು. ಮನುಷ್ಯ ಕೆಲಸದಲ್ಲಿ ಪೂರ್ತಿಯಾಗಿ ತೊಡಗಬೇಕಾದರೆ ಆ ಕೆಲಸಕ್ಕೆ ಅರ್ಥವಿದೆ ಎನಿಸಬೇಕು, ಬಾಯಿಬಿಟ್ಟರೆ ತೊಂದರೆಯಾಗದು ಎಂಬ ಧೈರ್ಯ ಇರಬೇಕು, ಮೈಮನಸ್ಸಿನಲ್ಲಿ ಅಷ್ಟು ಶಕ್ತಿ ಉಳಿದಿರಬೇಕು ಎಂಬುದು ಅದರ ಸಾರ. ಬಹಳ ತಡವಾಗಿ ಇದನ್ನು ಓದಿದಾಗ ನನಗೆ ದೊಡ್ಡಕ್ಕನ ಮೂಗು ನೆನಪಾಯಿತು. ಈ ಮೂಟೆ ಕೆಟ್ಟಿದೆ ಎಂದು ಮೇಲಿನವನಿಗೆ ಹೇಳಲು ಅವರಿಗಿದ್ದ ಧೈರ್ಯವನ್ನು ನಾನು ಒಂದು ಕಾಗದದಿಂದ ಮುಗಿಸಿದ್ದೆ.

ದಂಡದ ವಿಚಾರ. ಇಸ್ರೇಲಿನ ಹೈಫಾದಲ್ಲಿ, ಶಿಶುವಿಹಾರದಿಂದ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿ ನೋಡಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚೂಕಡಿಮೆ ಎರಡರಷ್ಟಾದರು. ದಂಡ ತೆಗೆದುಹಾಕಿದ ಮೇಲೂ ಸಂಖ್ಯೆ ಇಳಿಯಲಿಲ್ಲ. ಮೊದಲು ತಡವಾದಾಗ ಇದ್ದ ಸಂಕೋಚ ಹೋಗಿ, ದುಡ್ಡು ಕೊಟ್ಟೆನಲ್ಲ ಎಂಬ ನಿರಾಳ ಬಂದಿತ್ತು. ಬಡ ಕೂಲಿಯವರ ಮಾತು ಬೇರೆ, ಅವರು ಹಣ ಕಳೆದುಕೊಂಡು ಇನ್ನಷ್ಟು ಮೌನವಾಗುತ್ತಾರೆ ಎನ್ನಬಹುದು. ಅದೇನೂ ಉತ್ತಮ ಫಲವಲ್ಲ.

ಈಗ ನಾನು ಕಾಫಿಪುಡಿ ಮತ್ತು ಕಾಳುಮೆಣಸು ಪ್ಯಾಕ್ ಮಾಡುವ ಒಂದು ಸಣ್ಣ ಘಟಕ ನೋಡಿಕೊಳ್ಳುತ್ತೇನೆ. ಅಲ್ಲಿಯೂ ಕೆಲವರು ದಿನವೂ ತಡ. ದಂಡ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಿದಾಗ ತಿಳಿದದ್ದು ಇಷ್ಟು: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರು ಸರ್ಕಾರಿ ಬಸ್ಸಿಗೆ ಕಾಯುತ್ತಾರೆ. ಅದರಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಮುಂಚೆ ಬರುವ ಖಾಸಗಿ ಬಸ್ಸಿಗೆ ಹಣ ಕೊಡಬೇಕು, ಹೋಗಿ ಬರುವ ಖರ್ಚು ಕೂಲಿಯಲ್ಲಿ ಗೊತ್ತಾಗುವಷ್ಟು ತಿನ್ನುತ್ತದೆ. ನಾನು ಅವರ ಜಾಗದಲ್ಲಿದ್ದರೂ ಕಾಯುತ್ತಿದ್ದೆ. ಅವರಿಗೆ ಒಂಬತ್ತರ ಬದಲು ಒಂಬತ್ತೂವರೆಗೆ ಶುರು, ಸಂಜೆ ಅರ್ಧ ಗಂಟೆ ಹೆಚ್ಚು ಎಂದು ಮಾಡಿದೆವು. ಒಬ್ಬರು ಸಂಜೆ ನಿಲ್ಲಲಾಗದು, ಕೊಟ್ಟಿಗೆ ಕೆಲಸವಿದೆ ಎಂದರು. ಅವರು ಮಧ್ಯಾಹ್ನದ ವಿರಾಮ ಕಡಿಮೆ ಮಾಡಿಕೊಂಡರು. ಮುಗಿಯಿತು.

ನೀವೂ ಒಬ್ಬೊಬ್ಬರನ್ನು ಅವರು ಕೆಲಸ ಮಾಡುವ ಜಾಗದಲ್ಲೇ ನಿಂತು ಕೇಳಿ. ಕಚೇರಿಗೆ ಕರೆದರೆ ಬೈಯಲು ಕರೆದಿದ್ದಾರೆ ಎಂದೇ ಅಂದುಕೊಳ್ಳುತ್ತಾರೆ. "ಹೇಗಿದೆ ಕೆಲಸ?" ಎಂದು ಕೇಳಬೇಡಿ, ಚೆನ್ನಾಗಿದೆ ಸಾರ್ ಎಂಬ ಉತ್ತರ ಸಿದ್ಧವಿರುತ್ತದೆ. "ದಿನದಲ್ಲಿ ಯಾವಾಗ ಕೈ ನಿಲ್ಲುತ್ತದೆ?" ಎಂದು ಕೇಳಿ. ನಮ್ಮಲ್ಲಿ ಹೀಗೆ ಕೇಳಿದಾಗ ಒಬ್ಬರು ಪೊಟ್ಟಣದ ಬಾಯಿ ಅಂಟಿಸುವ ಯಂತ್ರದ ಪೆಡಲ್ ತೋರಿಸಿದರು. ಅವರ ಕಾಲು ನೆಟ್ಟಗೆ ಎಟುಕುತ್ತಿರಲಿಲ್ಲ, ಪ್ರತಿ ಪೊಟ್ಟಣಕ್ಕೂ ಸ್ಟೂಲಿನಿಂದ ಅರ್ಧ ಜಾರಬೇಕಿತ್ತು. ಸೊಂಟನೋವು ಅಲ್ಲಿಂದಲೇ ಬಂದಿತ್ತು. ಒಂದು ಹಲಗೆಯ ತುಂಡಿನಿಂದ ಅದು ಸರಿಹೋಯಿತು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದೆ. ಹಿಂದೆ ಇದ್ದ ಸೂಪರ್‌ವೈಸರ್‌ಗೆ ಹೇಳಿದ್ದೆ ಎಂದರು. ಹೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಸರಿಪಡಿಸಿ, ಇಲ್ಲವಾದರೆ ಕೇಳದೇ ಇರುವುದು ಮೇಲು.

ಕೂಲಿಯೇ ಕಡಿಮೆ ಎಂಬ ಉತ್ತರ ಬಂದರೆ ಹಲಗೆ ತುಂಡುಗಳಿಂದ ಆಗುವುದಿಲ್ಲ. ಆಗ ಲೆಕ್ಕ ಹಿಡಿದು ಮಾಲೀಕರ ಮುಂದೆ ನಿಲ್ಲಬೇಕಾದವರು ನೀವು. ಇನ್ನು, ಬಂದು ಅಚ್ಚುಕಟ್ಟಾಗಿ ಕೆಲಸ ಮುಗಿಸಿ, ನಗದೆ, ಯಾರೊಂದಿಗೂ ಬೆರೆಯದೆ ಮನೆಗೆ ಹೋಗುವ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಅವರ ಪಾಡಿಗೆ ಬಿಡಿ. ಉತ್ಸಾಹ ತೋರಿಸುತ್ತೇನೆ ಎಂದು ಯಾರೂ ಕರಾರಿಗೆ ಸಹಿ ಹಾಕಿಲ್ಲ.

ನಿಮ್ಮ ಪ್ರಶ್ನೆಯ ಕೆಳಗೆ, ಕಳೆದ ತಿಂಗಳಿನಿಂದಲೇ ದಂಡ ಹಿಡಿಯಲು ಶುರು ಮಾಡಿದ್ದೇನೆ ಎಂದು ಬರೆದಿದ್ದೀರಿ. ಈ ಶನಿವಾರದ ಬಟವಾಡೆಯಲ್ಲಿ ಆ ಹಣವನ್ನು ಅವರವರಿಗೆ ವಾಪಸ್ ಕೊಡಿ. ಬಸ್ ವಿಚಾರ ಕೇಳುವುದನ್ನು ಅದಾದ ಮೇಲೆ ಇಟ್ಟುಕೊಳ್ಳಿ, ಮೊದಲು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.