ಅಂಗನವಾಡಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಪ್ರಶ್ನಾವಳಿ ಒಂದೇ ಸಾಕಾ?

ಎಂ.ಎಡ್ ಪ್ರಾಜೆಕ್ಟ್‌ಗೆ ಅಪ್ಪ ಅಮ್ಮ ಮನೇಲಿ ಹೆಂಗೆ ಕಲಿಸ್ತಾರೆ ಅಂತ ಅಳೆಯೋಕೆ ಪ್ರಶ್ನಾವಳಿ ಒಂದೇ ಸಾಕಾ ಅಂತ ಕೇಳಿದೀರಲ್ಲ, ನನ್ ಪ್ರಕಾರ ಸಾಕಾಗಲ್ಲ. ರಾಬರ್ಟ್ ಸ್ಟ್ರಾಮ್ ಮಾಡಿರೋ ಪೇರೆಂಟ್ ಆಸ್ ಎ ಟೀಚರ್ ಇನ್ವೆಂಟರಿ ಅನ್ನೋ ಇಂಥದೇ ಪ್ರಶ್ನಾವಳಿ ನೋಡಿ, 50 ಹೇಳಿಕೆ, ಸೃಜನಶೀಲತೆ, ಹತಾಶೆ, ಕಂಟ್ರೋಲು (ಮಗುನ ಎಷ್ಟು ಹಿಡಿತದಲ್ಲಿ ಇಟ್ಕೋತಾರೆ ಅನ್ನೋದು), ಆಟ, ಕಲಿಸೋದು-ಕಲಿಯೋದು ಅಂತ 5 ಭಾಗ, ಒಂದೊಂದಕ್ಕೆ 10. ಉತ್ತರಕ್ಕೆ 4 ಆಯ್ಕೆ ಅಷ್ಟೇ, ನಡುವಿಂದು ಇಲ್ಲ, ಅದು ಒಳ್ಳೇದೇ ಬಿಡಿ, ಇದ್ದಿದ್ರೆ ಅರ್ಧ ಜನ ಅದಕ್ಕೇ ಟಿಕ್ ಹಾಕಿ ಎದ್ದು ಹೋಗ್ತಿದ್ರು.

ಆದ್ರೆ ಟೀಚರ್ ಎದುರಿಗೆ ಕೂತ್ಕೊಂಡು ಯಾವ ತಾಯಿ ತಾನೇ ಮಗು ಪದೇ ಪದೇ ಪ್ರಶ್ನೆ ಕೇಳಿದ್ರೆ ಸಿಟ್ಟು ಬರತ್ತೆ ಅಂತ ಒಪ್ಕೋತಾರೆ ಹೇಳಿ? ಅದಕ್ಕೇ ಜೊತೆಗೆ ಒಂದು 10 ನಿಮಿಷ ಗಮನಿಸೋದೂ ಇಟ್ಕೊಳಿ. ಅಮ್ಮ ಮಗು ಇಬ್ರಿಗೂ ಒಂದು ಪಜಲ್ ಕೊಡಿ, ಅಮ್ಮ ಎಷ್ಟು ಸಲ ಮಗು ಕೈಯಿಂದ ತುಂಡು ಕಿತ್ಕೊಂಡು ತಾವೇ ಜೋಡಿಸಿದ್ರು, ಎಷ್ಟು ಸಲ ಕಾದ್ರು, ಎಷ್ಟು ಸಲ 'ಇದೆಲ್ಲಿ ಕೂರತ್ತೆ ಪುಟ್ಟಾ' ಅಂತ ಕೇಳಿದ್ರು ಅಂತ ಎಣಿಸಿ, ಗಮನಿಸೋರು ಇಬ್ರು ಇದ್ದು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡಿದ್ರೆ ಗೈಡ್ ತಕರಾರು ತೆಗೆಯಲ್ಲ.

ಪ್ರಶ್ನಾವಳಿನ ಕನ್ನಡಕ್ಕೆ ಅನುವಾದ ಮಾಡುವಾಗ ಹುಷಾರು ಮಾತ್ರ. ಕಂಟ್ರೋಲ್ ಅನ್ನೋದನ್ನ ಶಿಸ್ತು ಅಂತ ಬರೆದ್ರೆ ಎಲ್ರೂ ಖುಷಿಯಾಗಿ ಹೌದು ಅಂತಾರೆ, ಡೇಟಾ ಪೂರ್ತಿ ಹಾಳು. ಆಮೇಲೆ ದಿನವಿಡೀ ಮಗು ಅಜ್ಜಿ ಹತ್ರನೇ ಇರತ್ತಾ ಅಂತಾನೂ ಮೊದ್ಲೇ ಕೇಳ್ಕೊಳಿ, ಹಂಗಿದ್ರೆ ಮನೇಲಿ ಜಾಸ್ತಿ ಕಲಿಸೋದು ಅಜ್ಜಿನೇ ಇರಬಹುದು.